ರಾಡಿನ ಮೇಲಿನ ಗೀರು

ಗುಜರಿಯಲ್ಲಿ ನಾನು ಆರಿಸಿ ತಂದ ಪಿಸ್ಟನ್ ರಾಡನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ ಬೆಟಗೇರಿಯ ಖಾದರಸಾಬ್ ಮಿಸ್ತ್ರಿಯ ಕೈ ಹಾಗೇ ನಿಂತಿತು. ಅವರ ಗ್ಯಾರೇಜಿನಲ್ಲಿ ನಮ್ಮ ತಂದೆಯ ಕಾಲದ ಲಾರಿಯ ಇಂಜಿನ್ ಬಿಚ್ಚಿಕೊಂಡು ಬಿದ್ದಿತ್ತು. ಒಂದು ರಾಡು ಬಾಗಿತ್ತು, ಹೊಸದು ಎಲ್ಲೂ ಸಿಕ್ಕಿರಲಿಲ್ಲ. ಇಂಜಿನ್ ಬಿಚ್ಚುವಾಗ ಮಿಸ್ತ್ರಿಗಳು ರಾಡಿಗೂ ಅದರ ಮುಚ್ಚಳಕ್ಕೂ ಚುಕ್ಕಿ ಹೊಡೆಯುತ್ತಾರೆ, ಜೋಡಿ ಅದಲುಬದಲಾಗದಿರಲೆಂದು. ಈ ರಾಡಿನಲ್ಲಿ ಚುಕ್ಕಿಗಳ ಕೆಳಗೆ ಒಂದು ಅಡ್ಡಗೀರೂ ಇತ್ತು.

“ಈ ಗೀರು ನಾನ ಹೊಡದದ್ದರಿ. ನಮ್ಮ ತಮ್ಮನ ಗಾಡಿಗಷ್ಟ ಹೊಡದಿದ್ದೆ,” ಎಂದರು.

ಆ ತಮ್ಮ ಬಾಳೆಹೊಸೂರ ದಾರಿಯಲ್ಲಿ ಲಾರಿ ಉರುಳಿ ತೀರಿಹೋದದ್ದು ನನಗೆ ಗೊತ್ತಿತ್ತು. ಆ ಲಾರಿ ಗುಜರಿ ಸೇರಿದ್ದು ಗೊತ್ತಿರಲಿಲ್ಲ. ಬೇರೆ ರಾಡು ತರುತ್ತೇನೆ ಎಂದೆ. ಅವರು ರಾಡಿಗೆ ಅಳತೆ ಹಿಡಿದು ನೋಡಿದರು.

“ಅಳತಿ ಬರೋಬ್ಬರಿ ಐತ್ರಿ. ಅದೇನ್ ತಪ್ಪ ಮಾಡೇತಿ?”

ತಾವೇ ಜೋಡಿಸಿದರು. ಇಂಜಿನ್ ಚಾಲೂ ಮಾಡುವ ಹೊತ್ತಿಗೆ ಮಾತ್ರ ಕೀಲಿಯನ್ನು ನನ್ನ ಕೈಗಿತ್ತು, ರಸ್ತೆ ದಾಟಿ ಬೆನ್ನು ತಿರುಗಿಸಿ ನಿಂತರು.

ಲಾರಿ ಈಗ ಚೆನ್ನಾಗಿ ಓಡುತ್ತಿದೆ. ಬೆಟಗೇರಿಗೆ ಹೋದಾಗ, ಅದರ ಸದ್ದು ಅವರ ಕಿವಿಗೆ ಬೀಳದಿರಲೆಂದು, ಗ್ಯಾರೇಜಿನ ದಾರಿ ಬಿಟ್ಟು ಸುತ್ತು ಹಾಕಿ ಬರುತ್ತೇನೆ.