ಬೆನ್ನ ಹಿಂದಿನ ಪಾಲು

ಚಿಕ್ಕಜಾಜೂರು ಸ್ಟೇಷನ್ನಿನಿಂದ ದಾವಣಗೆರೆ ಕಡೆಗೆ ಹಳಿಯ ಪಕ್ಕದಲ್ಲಿ ನಡೆದರೆ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಒಂದು ಕಲ್ಲು ಸಿಗುತ್ತದೆ. ಮೊಣಕಾಲೆತ್ತರದ, ಸುಣ್ಣ ಬಳಿದ ಕಲ್ಲು. ಅಲ್ಲಿಗೆ ನನ್ನ ಸರಹದ್ದು ಮುಗಿದು ನನ್ನ ಜೊತೆಗಾರನದು ಶುರುವಾಗುತ್ತಿತ್ತು. ಹತ್ತೊಂಬತ್ತು ವರ್ಷ ನಾವಿಬ್ಬರು ಬೆಳಗಿನ ತಿಂಡಿಯನ್ನು ಆ ಕಲ್ಲಿನ ಹತ್ತಿರ ಕೂತು ತಿಂದಿದ್ದೇವೆ. ಈಗ ನಾನು ಆ ಕಡೆ ಹೋಗುವುದಿಲ್ಲ. ಬೆಳಿಗ್ಗೆ ಎದ್ದು ಚಪ್ಪಲಿ ಮೆಟ್ಟಿದ ಕೂಡಲೇ ಕಾಲು ಮಾತ್ರ ಅತ್ತ ತಿರುಗುತ್ತದೆ. ಅದನ್ನು ದಿನವೂ ಇತ್ತ ತಿರುಗಿಸಿಕೊಳ್ಳಬೇಕು.

ನಾನು ಕೀಮ್ಯಾನ್ ಆಗಿದ್ದೆ. ಹಳಿಯನ್ನು ಅದರ ಕೆಳಗಿನ ಅಡ್ಡತೊಲೆಗೆ, ಅಂದರೆ ಸ್ಲೀಪರಿಗೆ, ಹಿಡಿದಿಟ್ಟಿರುವ ಕಬ್ಬಿಣದ ಕ್ಲಿಪ್ಪುಗಳು ಗಾಡಿಗಳ ಅದುರಾಟಕ್ಕೆ ಸಡಿಲವಾಗುತ್ತವೆ. ದಿನವೂ ನಡೆದು, ಒಂದೊಂದನ್ನೂ ನೋಡಿ, ಸಡಿಲವಿದ್ದದ್ದನ್ನು ಸುತ್ತಿಗೆಯಿಂದ ಬಡಿದು ಕೂರಿಸುವುದು ಕೀಮ್ಯಾನ್ ಕೆಲಸ. ಹೋಗುವಾಗ ಒಂದು ಹಳಿ, ಬರುವಾಗ ಇನ್ನೊಂದು. ಹೆಗಲ ಮೇಲೆ ಸುತ್ತಿಗೆ, ಚೀಲದಲ್ಲಿ ಕೆಂಪು ಬಾವುಟ, ಹಸಿರು ಬಾವುಟ, ಬುತ್ತಿ. ನಾನು ಈ ಕಡೆಯಿಂದ ಹೊರಟರೆ ಅವನು ಆ ಕಡೆಯಿಂದ ಹೊರಡುತ್ತಿದ್ದ. ಮೊದಲು ಹೊಲದ ಏರಿನ ಮೇಲೆ ಅವನ ತಲೆ ಕಾಣುತ್ತಿತ್ತು, ಆಮೇಲೆ ಸುತ್ತಿಗೆ, ಆಮೇಲೆ ಅವನು. ಹತ್ತಿರ ಬರುವ ಮೊದಲೇ ಕೂಗುತ್ತಿದ್ದ: "ಏನೈತಲೇ ಇವತ್ತು?"

"ರೊಟ್ಟಿ, ಶೇಂಗಾ ಚಟ್ನಿ."

"ದಿನಾ ಅದೇನಾ? ನಮ್ಮನೆಯೋಳು ಮೊಟ್ಟೆ ಪಲ್ಯ ಕೊಟ್ಟವ್ಳೆ. ನೋಡು, ನಿನ್ನ ಅದೃಷ್ಟ ನಿನ್ನ ಕಡೆ ನಡ್ಕಂಡು ಬರ್ತೈತೆ."

ನಾವು ಎದುರುಬದುರು ಕೂರುತ್ತಿದ್ದೆವು, ಎಂದೂ ಪಕ್ಕಪಕ್ಕ ಕೂತವರಲ್ಲ. ಅದು ನಮ್ಮಿಬ್ಬರ ಕಟ್ಟಳೆ, ಯಾರೂ ಕಲಿಸಿದ್ದಲ್ಲ. ಅವನ ಬೆನ್ನ ಹಿಂದಿನ ಹಳಿ ನನಗೆ ಕಾಣಬೇಕು, ನನ್ನ ಬೆನ್ನ ಹಿಂದಿನದು ಅವನಿಗೆ ಕಾಣಬೇಕು. ಅವನ ಬೆನ್ನು ನನ್ನ ಪಾಲು, ನನ್ನದು ಅವನ ಪಾಲು. ಇನ್ನೊಂದು ಕಟ್ಟಳೆಯೂ ಇತ್ತು. ಒಬ್ಬ ಕೆಲಸಕ್ಕೆ ಬಗ್ಗುವಾಗ "ಬಗ್ತೀನಿ" ಎಂದು ಬಾಯಿಬಿಟ್ಟು ಹೇಳಬೇಕು. ಬಗ್ಗಿದವನಿಗೆ ಏನೂ ಕಾಣುವುದಿಲ್ಲ. ಆದ್ದರಿಂದ ನಿಂತವನು ತನ್ನ ಪಾಲಿನ ಜೊತೆಗೆ ಅವನ ಪಾಲನ್ನೂ ತೆಗೆದುಕೊಂಡು ಎರಡೂ ಕಡೆ ನೋಡಬೇಕು.

ಆಮೇಲೆ ಜೋಡಿ ಹಳಿ ಬಂತು, ಕರೆಂಟಿನ ಎಂಜಿನ್ ಬಂತು. ಡೀಸೆಲ್ ಎಂಜಿನ್ ದೂರದಿಂದಲೇ ನೆಲದಲ್ಲಿ ಗುಡುಗುತ್ತಿತ್ತು. ಇದು ಹಾಗಲ್ಲ. ಒಂಟಿ ಹಳಿ ಇದ್ದಾಗ ಗಾಡಿ ಎರಡೂ ಕಡೆಯಿಂದ ಬರುತ್ತಿತ್ತು. ಜೋಡಿಯಾದ ಮೇಲೆ ಒಂದೊಂದು ಹಳಿಗೆ ಒಂದೊಂದು ದಿಕ್ಕು. ಇದು ನಮಗೆ ಗೊತ್ತಿತ್ತು. ತಲೆಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಆ ದಿನದ್ದನ್ನು ನಾನು ಕಂಡಷ್ಟೇ ಹೇಳುತ್ತೇನೆ. ಆಷಾಢ. ಗಾಳಿ ನನ್ನ ಮುಖಕ್ಕೆ ಹೊಡೆಯುತ್ತಿತ್ತು. ತಿಂಡಿ ಆಗಿತ್ತು. ನಾನು ಹಳಿಯ ಹೊರಗಿನ ಕಾಲುದಾರಿಯಲ್ಲಿ ನಿಂತು ಬುತ್ತಿಯ ಮುಚ್ಚಳ ಒರೆಸುತ್ತಿದ್ದೆ. ಅವನು ಒಂದು ಕ್ಲಿಪ್ಪು ಸಡಿಲವಿದ್ದದ್ದನ್ನು ಕಂಡು ಹಳಿಯ ನಡುವೆ ಹೋಗಿ ಬಗ್ಗಿದ. ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅವನು ಬಗ್ಗಿದ್ದನ್ನು ನಾನು ಕಂಡೆ. ಕಂಡು, ತಲೆ ಎತ್ತಿ, ಅವನ ಬೆನ್ನ ಹಿಂದೆ ನೋಡಿದೆ. ಹಳಿ ಖಾಲಿ ಇತ್ತು. ಆ ಹಳಿಯ ಮೇಲೆ ಆ ಕಡೆಯಿಂದ ಗಾಡಿ ಬರುವುದೇ ಇಲ್ಲ. ಬರುವುದು ನನ್ನ ಬೆನ್ನ ಹಿಂದಿನಿಂದ. ಹಳೆಯ ಅಭ್ಯಾಸದಲ್ಲಿ ನಾನು ನನ್ನ ಪಾಲನ್ನಷ್ಟೇ ನೋಡಿಕೊಂಡು ನಿಂತಿದ್ದೆ.

ಡಬ್ಬಿಗಳಿಲ್ಲದ ಒಂಟಿ ಎಂಜಿನ್ ಬಂತು. ಸೀಟಿ ಕೇಳಿದಾಗ ಅದು ನನ್ನ ಭುಜದ ಹತ್ತಿರವೇ ಇತ್ತು. ಅವನು ಹಾರಿದ. ಎಡಗಾಲು ಜಲ್ಲಿಯಲ್ಲಿ ಜಾರಿತು. ಅಷ್ಟೇ ಕಂಡದ್ದು. ಆ ಕಾಲನ್ನು ಮೊಣಕಾಲ ಕೆಳಗೆ ಆಸ್ಪತ್ರೆಯಲ್ಲಿ ತೆಗೆದರು.

ನೋಡಲು ಒಂದು ಸಲ ಹೋದೆ. ವಾರ್ಡಿನ ಬಾಗಿಲಲ್ಲಿ ನಿಂತೆ. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ನನಗೆ ಕಂಡದ್ದು ಅವನ ಬೆನ್ನು. ತಂದಿದ್ದ ಕಿತ್ತಳೆ ಹಣ್ಣನ್ನು ಅವನ ಹೆಂಡತಿಯ ಕೈಗೆ ಕೊಟ್ಟು ವಾಪಸ್ ಬಂದೆ. ಆಮೇಲೆ ಒಂದೂವರೆ ವರ್ಷ ಹೋಗಲಿಲ್ಲ, ಫೋನೂ ಮಾಡಲಿಲ್ಲ. ಆ ಮನುಷ್ಯ ಇನ್ನೊಮ್ಮೆ ತನ್ನ ಬೆನ್ನನ್ನು ನನ್ನ ಕಣ್ಣಿಗೆ ಒಪ್ಪಿಸುತ್ತಾನೆಯೇ? ನನಗಿದ್ದ ಪ್ರಶ್ನೆ ಅದೊಂದೇ. ಅದನ್ನು ಕೇಳುವ ಧೈರ್ಯ ಇರಲಿಲ್ಲ.

ನಾನು ಕೇಳಿಕೊಂಡದ್ದಕ್ಕೆ ನನ್ನನ್ನು ಹಳಿಯಿಂದ ಬಿಡಿಸಿ ಸಾಮಾನು ಕೋಣೆಗೆ ಹಾಕಿದರು. ಕೂತು ಮಾಡುವ ಕೆಲಸ. ನಿದ್ದೆ ಹೋಯಿತು. ಸಂತೆಯಲ್ಲಿ ತರಕಾರಿ ಆರಿಸುತ್ತಿದ್ದರೂ ಹತ್ತು ಉಸಿರಿಗೊಮ್ಮೆ ಹಿಂದೆ ತಿರುಗಿ ನೋಡುತ್ತಿದ್ದೆ. ಹೊಳಲ್ಕೆರೆಯ ಡಾಕ್ಟರು ಎದೆ, ರಕ್ತ ಎಲ್ಲ ನೋಡಿ ಹೇಳಿದರು: "ದಿನಾ ಬೆಳಿಗ್ಗೆ ಬಯಲಲ್ಲಿ ನಡೀರಿ."

"ಇಪ್ಪತ್ತಾರು ವರ್ಷ ನಡೆದೀನಿ ಸಾರ್."

"ಅದು ಡ್ಯೂಟಿ ಕಣ್ರಿ. ಕೈಯಾಗೆ ಸುತ್ತಿಗೆ ಇಲ್ದೆ ಯಾವತ್ತಾದ್ರು ನಡೆದೀರಾ?"

ಯೋಚಿಸಿದೆ. ನಡೆದಿರಲಿಲ್ಲ.

ಮಾರನೆಯ ದಿನ ಹೆಂಡತಿಯೇ ಹೊರಡಿಸಿದಳು. ಹಳಿಗೆ ಬೆನ್ನು ಹಾಕಿ ಮೆಕ್ಕೆಜೋಳದ ಹೊಲಗಳ ನಡುವಿನ ಬಂಡಿದಾರಿ ಹಿಡಿದೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳು ನಿಂತಳು.

"ಏನ್ರೀ ಅದು, ಕೋಳಿ ಹೆಜ್ಜೆ? ಚೆಂದಾಗಿ ಕಾಲು ಬೀಸಿ ಹಾಕ್ರಿ."

ನೋಡಿಕೊಂಡೆ. ನಿಜ. ನನ್ನ ಕಾಲು ಸ್ಲೀಪರಿನಿಂದ ಸ್ಲೀಪರಿಗೆ ಇಡುವ ಅಳತೆಗೇ ಬೀಳುತ್ತಿತ್ತು. ಮಣ್ಣಿನ ದಾರಿಯಲ್ಲಿ ಇಲ್ಲದ ಸ್ಲೀಪರನ್ನು ಹುಡುಕುತ್ತಿತ್ತು.

"ತಲೇನೂ ಎತ್ರಿ. ನೆಲದಾಗೆ ಏನು ಬಿದ್ದೈತೆ ಅಂತ ಹುಡುಕ್ತೀರಿ?"

"ಕ್ಲಿಪ್ಪು" ಎಂದೆ. ಬಾಯಿಗೆ ಬಂದದ್ದು ಅದೇ.

"ಜ್ವಾಳದ ಹೊಲದಾಗೆ ಕ್ಲಿಪ್ಪು!" ಎಂದು ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೂ ನಗು ಬಂತು. ಎಷ್ಟೋ ತಿಂಗಳಾಗಿತ್ತು.

ಅಭ್ಯಾಸ ಬಿಡುವುದು ನಿಧಾನ. ಹೆಜ್ಜೆಯನ್ನು ಬೇಕೆಂದೇ ಉದ್ದ ಹಾಕಿದರೆ ಎರಡು ಮಾರು ಹೋಗುವಷ್ಟರಲ್ಲಿ ಮತ್ತೆ ಗಿಡ್ಡವಾಗುತ್ತಿತ್ತು. ಹೆಂಡತಿಗೆ ಮಂಡಿ ನೋವು, ಬೇವಿನ ಮರದ ಹತ್ತಿರ ಕೂತುಬಿಡುತ್ತಿದ್ದಳು. ನಾನು ಆ ಮರದಾಚೆಯ ದಿಬ್ಬದವರೆಗೆ ಹೋಗಿ ಬರುತ್ತಿದ್ದೆ. ಮಳೆಗಾಲ ಕಳೆಯಿತು. ಜೋಳ ತೆನೆ ಕಟ್ಟಿತು. ಬೆಳಗಿನ ಇಬ್ಬನಿ ಗರಿಗಳ ಮೇಲೆ ನಿಂತಾಗ ಒಂದು ಹಸಿ ವಾಸನೆ ಏಳುತ್ತದೆ. ಹಳಿಯ ಎರಡೂ ಕಡೆ ಜೋಳದ ಹೊಲವೇ ಇದ್ದರೂ ಇಪ್ಪತ್ತಾರು ವರ್ಷದಲ್ಲಿ ನಾನು ಅದನ್ನು ಮೂಸಿ ನೋಡಿರಲಿಲ್ಲ. ಒಂದು ಬೆಳಿಗ್ಗೆ ದಿಬ್ಬದ ಮೇಲೆ ನಿಂತು ಉಸಿರು ಬಿಡುವಾಗ, ಮರದಿಂದ ಅಲ್ಲಿಯವರೆಗೆ ಒಂದು ಸಲವೂ ಹಿಂದೆ ತಿರುಗಿ ನೋಡಿಲ್ಲವೆಂದು ಗೊತ್ತಾಯಿತು. ಕಾಲು ಬೆಚ್ಚಗಿತ್ತು. ಎದೆಯ ಬಡಿತ ಜೋರಾಗಿತ್ತು, ಆದರೆ ಅದು ಹೆದರಿಕೆಯದಲ್ಲ, ನಡೆದದ್ದರದು. ಆ ಎರಡನ್ನೂ ಬೇರೆ ಬೇರೆಯಾಗಿ ತಿಳಿಯಲು ನನಗೆ ಅಷ್ಟು ದಿನ ಬೇಕಾಯಿತು. ಆ ರಾತ್ರಿ ನಿದ್ದೆ ಬಂತು.

ಆದರೆ ನೆಮ್ಮದಿ ಬಂದಷ್ಟೂ ಅವನ ನೆನಪು ಹೆಚ್ಚಾಯಿತು. ಭಯ ಇದ್ದಾಗ ಭಯವೇ ಜೊತೆಗಿತ್ತು. ಅದು ಹೋದ ಜಾಗ ಖಾಲಿ ಬಿತ್ತು. ದಿಬ್ಬದ ಮೇಲೆ ನಿಂತು ಆಚೆ ಕಡೆಯ ಇಳಿಜಾರನ್ನು ನೋಡುತ್ತಿದ್ದೆ. ಮೊದಲು ತಲೆ, ಆಮೇಲೆ ಸುತ್ತಿಗೆ, ಆಮೇಲೆ ಅವನು. ಬರುವುದಿಲ್ಲವೆಂದು ಗೊತ್ತಿದ್ದೂ ಸ್ವಲ್ಪ ಹೊತ್ತು ಕಾದೇ ತಿರುಗುತ್ತಿದ್ದೆ.

ಅವನೇ ಫೋನ್ ಮಾಡಿದ. ಹೆಂಡತಿಯರಿಬ್ಬರೂ ನಮಗೆ ತಿಳಿಯದ ಹಾಗೆ ಮಾತಾಡಿಕೊಳ್ಳುತ್ತಿದ್ದರೆಂದು ಆಮೇಲೆ ಗೊತ್ತಾಯಿತು.

"ಏನಪ್ಪ, ಕಾಲು ಹೋಗಿದ್ದು ನಂದು. ನಡೆಯೋದು ಬಿಟ್ಟಿದ್ದು ನೀನಾ?"

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ.

"ಲೇ, ಅಲ್ಲಿದ್ಯಾ? ಕಾಲೊಂದೇ ಹೋಗಿದ್ದು, ಫೋನ್ ನಂಬರ್ ಹೋಗಿಲ್ಲ ನಂದು."

ಅವನು ಈಗ ಭರಮಸಾಗರದಲ್ಲಿ, ಅಣ್ಣನ ಮನೆಯ ಪಕ್ಕದಲ್ಲಿದ್ದ. ಜೈಪುರದ ಕೃತಕ ಕಾಲು ಹಾಕಿಸಿಕೊಂಡಿದ್ದ. ಕೆರೆ ಏರಿಯ ಮೇಲೆ ದಿನಾ ನಡೆಯಲು ಶುರು ಮಾಡಿದ್ದ. "ಮುಂದಕ್ಕೆ ನಡೆಯಕ್ಕೆ ತೊಂದ್ರೆ ಇಲ್ಲ. ಹಿಂದೆ ತಿರುಗಿ ನೋಡಿದ್ರೆ ಆಯ ತಪ್ತೈತೆ. ಏರಿ ಮೇಲೆ ಬೈಕಿನೋರು ಬರ್ತಾರೆ. ನಮ್ಮನೆಯೋಳನ್ನ ಕರ್ಕಂಡು ಹೋದ್ರೆ ಅವಳು ನನ್ನ ಕಾಲೇ ನೋಡ್ತಾಳೆ. ನಂಗೆ ಹಿಂದೆ ನೋಡೋನು ಒಬ್ಬ ಬೇಕು." ಕೊನೆಗೆ, "ಭಾನುವಾರ ಬಾ" ಎಂದ.

ಮೊದಲ ಬಸ್ಸಿಗೆ ಹೊರಟೆ. ಹೊಳಲ್ಕೆರೆ ದಾಟಿ ದುರ್ಗ ಬರುವಷ್ಟರಲ್ಲಿ ಬೆಳಕಾಗಿ, ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುವುದು ಕಾಣುತ್ತಿತ್ತು. ಅಲ್ಲಿಂದ ದಾವಣಗೆರೆ ಬಸ್ಸು. ಮಡಿಲಲ್ಲಿ ಬುತ್ತಿ ಬೆಚ್ಚಗಿತ್ತು. ದಾರಿಯುದ್ದಕ್ಕೂ ಮೊದಲು ಏನು ಹೇಳಬೇಕೆಂದು ಜೋಡಿಸಿಕೊಂಡೆ. ಭರಮಸಾಗರದಲ್ಲಿ ಇಳಿಯುವಾಗ ಒಂದೂ ನೆನಪಿರಲಿಲ್ಲ.

ಏರಿಯ ಮೊದಲಲ್ಲಿ ಕೋಲು ಹಿಡಿದು ನಿಂತಿದ್ದ. ಗಡ್ಡ ಬೆಳ್ಳಗಾಗಿತ್ತು.

"ಏನೈತಲೇ ಇವತ್ತು?"

"ರೊಟ್ಟಿ, ಶೇಂಗಾ ಚಟ್ನಿ."

"ಇನ್ನೂ ಅದೇನಾ? ನಡಿ, ಹೋಗಾಣ."

ಅವನು ಮುಂದೆ, ನಾನು ನಾಲ್ಕು ಹೆಜ್ಜೆ ಹಿಂದೆ. ಎಡಕ್ಕೆ ನೀರು, ಬಲಕ್ಕೆ ಇಳಿಜಾರಿನ ಜಾಲಿ ಗಿಡಗಳು. ಅವನು ಕೋಲು ಊರಿ, ಒಳ್ಳೆಯ ಕಾಲು ಇಟ್ಟು, ಆಮೇಲೆ ಹಾಕಿಸಿಕೊಂಡ ಕಾಲನ್ನು ತರುತ್ತಿದ್ದ. ಬೈಕು ಬಂದಾಗ "ಗಾಡಿ" ಎನ್ನುತ್ತಿದ್ದೆ. ಅವನು ತಿರುಗದೆ ಪಕ್ಕಕ್ಕೆ ಸರಿಯುತ್ತಿದ್ದ. ಅವನ ಹೆಜ್ಜೆಯೂ ಗಿಡ್ಡ. ಅದು ಕಾಲಿನಿಂದಲೋ, ಸ್ಲೀಪರಿನಿಂದಲೋ ಹೇಳಲಾರೆ. ನಾನು ಹೊಲದ ದಾರಿಯಲ್ಲಿ ಕಷ್ಟಪಟ್ಟು ಉದ್ದ ಮಾಡಿಕೊಂಡಿದ್ದ ಹೆಜ್ಜೆಯನ್ನು ಅವನದಕ್ಕೆ ಹೊಂದಿಸಿ ಮತ್ತೆ ಗಿಡ್ಡ ಮಾಡಿದೆ. ಅದು ತನ್ನಷ್ಟಕ್ಕೇ ಬಂತು.

ತೂಬಿನ ಹತ್ತಿರ ಎದುರುಬದುರು ಕೂತೆವು. ಅವನು ರೊಟ್ಟಿ ಮುರಿಯುವಾಗ ನಾನು ಹೇಳಿಬಿಟ್ಟೆ. "ನಾನು ಆ ಕಡೆ ನೋಡ್ಲಿಲ್ಲ."

"ಆ ಕಡೇದು ನನ್ನ ಪಾಲಾಗಿತ್ತು."

"ನೀನು ಬಗ್ಗಿದ್ದೆ. ಬಗ್ಗಿದ್ದು ನಾನು ಕಂಡೆ."

ಅವನು ಅಗಿಯುವುದನ್ನು ನಿಲ್ಲಿಸಿದ. ನಾನು ಕಂಡಿದ್ದೆನೆಂಬುದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸುಮಾರು ಹೊತ್ತು ನೀರಿನ ಕಡೆ ನೋಡಿದ. ಒಂದು ನೀರುಕಾಗೆ ಮುಳುಗಿತು, ಬೇರೆ ಕಡೆ ಎದ್ದಿತು. ಅವನು ಉಳಿದ ರೊಟ್ಟಿಯನ್ನು ತಿಂದು ಮುಗಿಸಿದ. ಕೈ ತೊಳೆಯುತ್ತಾ ಕೇಳಿದ: "ಆ ಕಲ್ಲಿನ ಹತ್ರ ಹೋಗಿದ್ಯಾ?"

"ಇಲ್ಲ."

"ಸುಣ್ಣ ಬಳಿದವ್ರೋ ಇಲ್ವೋ."

ಅದನ್ನು ಹೇಳುವಾಗ ಅವನ ದನಿ ಊರು ಬಿಟ್ಟು ಬಂದವನ ದನಿಯಂತಿತ್ತು. ಆ ಕಲ್ಲಿನವರೆಗೆ ಅವನಿಗೆ ನಡೆಯಲಾಗುವುದಿಲ್ಲ, ನನಗೆ ಹೋಗಲಾಗುವುದಿಲ್ಲ.

ವಾಪಸ್ ಹೊರಟೆವು. ಮತ್ತೆ ಅವನು ಮುಂದೆ, ನಾನು ಹಿಂದೆ. ಮುಂದಿನ ಭಾನುವಾರ ಕರೆಯುತ್ತಾನೋ ಇಲ್ಲವೋ ಎಂದು ನಾನು ಅವನ ಬೆನ್ನನ್ನೇ ನೋಡುತ್ತಾ ನಡೆದೆ. ಅರ್ಧ ಏರಿ ದಾಟಿರಬೇಕು. ಅವನು ನಿಂತ. ಕಾಲಿನ ಪಟ್ಟಿ ಸಡಿಲವಾಗಿತ್ತು. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನನ್ನ ಕಡೆ ತಿರುಗದೆಯೇ, ಹಳಿಯ ಮೇಲೆ ಹೇಳುತ್ತಿದ್ದಷ್ಟೇ ಗಟ್ಟಿಯಾಗಿ ಹೇಳಿದ: "ಬಗ್ತೀನಿ ಲೇ."

ಬಗ್ಗಿದ.

ನಾನು ಮುಂದೆ ನೋಡಿದೆ, ಹಿಂದೆ ನೋಡಿದೆ, ಮತ್ತೆ ಮುಂದೆ ನೋಡಿದೆ. ಏರಿ ಎರಡೂ ಕಡೆ ಕೊನೆಯವರೆಗೆ ಖಾಲಿ ಇತ್ತು. ಅವನು ಪಟ್ಟಿ ಬಿಗಿದು ಏಳುವವರೆಗೂ ನೋಡುತ್ತಲೇ ಇದ್ದೆ.

ಈಗ ಭಾನುವಾರ ಅಲ್ಲಿ ನಡೆಯುತ್ತೇನೆ. ಉಳಿದ ಆರು ದಿನ ಜೋಳದ ಹೊಲದ ದಾರಿ, ಬೇವಿನ ಮರ, ದಿಬ್ಬ. ದಿಬ್ಬದ ಮೇಲೆ ಈಗಲೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಎದುರಿನ ಇಳಿಜಾರಿನಲ್ಲಿ ಯಾರ ತಲೆಯೂ ಏಳುವುದಿಲ್ಲ. ನಾಳೆ ಯಾವ ವಾರವೆಂದು ಲೆಕ್ಕ ಹಾಕಿಕೊಂಡು ಇಳಿಯುತ್ತೇನೆ.