ನಿಂಗವ್ವನ ಮೊದಲ ಹೋಳು

ಸೋರೆಕಾಯಿಯಾಗಲಿ ಸೌತೆಕಾಯಿಯಾಗಲಿ, ತೊಟ್ಟಿನ ಕಡೆಯ ಮೊದಲ ಹೋಳು ನಿಂಗವ್ವನ ಬಾಯಿಗೆ ಹೋಗದೆ ಮಿಕ್ಕದ್ದು ಪಾತ್ರೆಗೆ ಬೀಳುತ್ತಿರಲಿಲ್ಲ. ಈಳಿಗೆಮಣೆಯ ಮೇಲೆ ಕೂತು, ಕಣ್ಣು ಮುಚ್ಚಿ ಜಗಿದು ತೀರ್ಪು ಹೇಳುವಳು. "ಇದು ಮನೆಗೆ" ಅಂದರೆ ಸರಿ. "ಇದು ಗುಂಡಿಗೆ" ಅಂದರೆ ಕಾಯಿ ತಿಪ್ಪೆಗುಂಡಿಗೆ, ಹಿಂದೆಯೇ ಬೇರು ಸಮೇತ ಬಳ್ಳಿಯೂ. ಬೀದಿಯವರೆಲ್ಲ ತಮ್ಮ ಹಿತ್ತಲ ಕಾಯಿಗಳನ್ನು ಅವಳ ಹತ್ತಿರವೇ ತರುತ್ತಿದ್ದರು. ವಿರೂಪಾಕ್ಷಿಪುರದ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ನೆರೆಮನೆಯ ಈ ನ್ಯಾಯಾಧೀಶೆಯನ್ನು ಕಂಡು ನಾನು ನಕ್ಕುಬಿಟ್ಟಿದ್ದೆ.

"ನಗ್ಬ್ಯಾಡ ಕಣವ್ವ," ಅಂದಿದ್ದಳು. "ನನ್ ತಂಗಿ ಕಹಿ ಸೋರೆಕಾಯ್ ತಿಂದು ರಕ್ತ ಕಕ್ಕಿ ಸತ್ಲು. ಕಾಯಿ ದಂಡ ಆಯ್ತದೆ ಅಂತ ನಮ್ಮವ್ವನೇ ಬಲವಂತ ಮಾಡಿ ತಿನ್ಸಿದ್ಲು."

ಅಲ್ಲಿಂದ ಮುಂದೆ ನಾನು ನಗಲಿಲ್ಲ. ಅವಳನ್ನು ದೊಡ್ಡವ್ವ ಎಂದೇ ಕರೆದೆ.

ಬೇಸಿಗೆಯಲ್ಲಿ ಅವಳ ಹಿತ್ತಲು ಒಂದು ಹಟ. ಬಚ್ಚಲ ನೀರು, ಪಾತ್ರೆ ತೊಳೆದ ನೀರು ಎಲ್ಲವನ್ನೂ ಹೊತ್ತು ಬಳ್ಳಿಗಳಿಗೆ ಹಾಕುವಳು. ಬಂದ ಕಾಯಿಗಳನ್ನು ಹೋಳು ಮಾಡಿ, ಉಪ್ಪು ಬೆರೆಸಿದ ಮಜ್ಜಿಗೆಯಲ್ಲಿ ನೆನೆಸಿ, ತಾರಸಿಯ ಮೇಲೆ ಹಳೆ ಸೀರೆ ಹಾಸಿ ಒಣಗಿಸುವಳು. ಮಳೆಗಾಲಕ್ಕೆ ಕರಿದು ತಿನ್ನುವ ಆ ಬಾಳಕ ಊರ ಆರು ಮನೆಗೂ, ಕನಕಪುರದಲ್ಲಿದ್ದ ಮಗಳು ಸಾಕಮ್ಮನಿಗೂ ಡಬ್ಬ ತುಂಬಿ ಹೋಗುತ್ತಿತ್ತು.

ಈ ವರ್ಷ ಬೇಸಿಗೆಯ ಮೊದಲಲ್ಲೇ ಅವಳಿಗೆ ಜ್ವರ ಬಂದು ಹೋಯಿತು. ಆದರೂ ಬಾಳಕ ಮಾಡಿ, ಡಬ್ಬಗಳನ್ನು ಎಂದಿನಂತೆ ಹಂಚಿದಳು. ಒಂದು ದಿನ ಅವಳಿಗೆ ಕೊಟ್ಟ ಕಾಫಿಗೆ ಸಕ್ಕರೆ ಹಾಕುವುದನ್ನೇ ಮರೆತೆ. "ಚೆನ್ನಾಗೈತೆ" ಎಂದು ಕುಡಿದಳು. ನನ್ನ ಮೇಲಿನ ಪ್ರೀತಿ ಎಂದುಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಒಂದು ಭಾನುವಾರ ಬೆಳಿಗ್ಗೆ, ನಾನು ಕೆಲಸಕ್ಕೆ ಹೋಗುವ ಬಿಡದಿಯ ಫ್ಯಾಕ್ಟರಿಗೆ ರಜೆ ಇದ್ದ ದಿನ, ಹೆಚ್ಚಲು ಕೈಜೋಡಿಸಿದೆ. ಬಿಸಿಲಿಗೆ ಎಳೆಯದರಲ್ಲೇ ಸುಕ್ಕಾಗಿದ್ದ ಒಂದು ಸೋರೆಕಾಯಿ. ದೊಡ್ಡವ್ವ ಹೋಳು ಜಗಿದು ನುಂಗಿ, "ಇದು ಮನೆಗೆ" ಅಂದಳು. ನಾನೂ ಒಂದು ಚೂರು ಬಾಯಿಗಿಟ್ಟೆ. ಗಂಟಲವರೆಗೂ ವಿಷದಂಥ ಕಹಿ. ಥೂ ಎಂದು ಉಗಿದೆ.

ಅವಳ ಮುಖ ಬಿಳಿಚಿಕೊಂಡಿತು. "ಕಹಿನಾ?"

"ನಿನಗೆ ಗೊತ್ತಾಗಲ್ವಾ ದೊಡ್ಡವ್ವ?"

"ಜ್ವರ ಬುಟ್ಟ ಮ್ಯಾಲೆ ಯಾವ್ದೂ ಗೊತ್ತಾಯ್ತಿಲ್ಲ. ಇವತ್ತು ಬತ್ತದೆ, ನಾಳೆ ಬತ್ತದೆ ಅನ್ಕೊಂಡೆ." ನನ್ನ ಕೈ ಹಿಡಿದುಕೊಂಡಳು. "ಯಾರ್ಗೂ ಹೇಳ್ಬ್ಯಾಡ ಕಣವ್ವ. ನಾನೇ ಎಲ್ಲಾ ಇಸ್ಕೊಂಡು ಗುಂಡಿಗೆ ಹಾಕ್ತೀನಿ. ನಾಳಿಕ್ಕೆ ಕನಕಪುರಕ್ಕೂ ಹೋಗ್ಬತ್ತೀನಿ."

ಹುಳ ಬಿದ್ದಿದೆ ಎಂದು ಸುಳ್ಳು ಹೇಳಿ ಸಂಜೆಯೊಳಗೆ ಊರ ಆರೂ ಡಬ್ಬಗಳನ್ನು ವಾಪಸು ತಂದಳು. ಗುಂಡಿಗೆ ಸುರಿದಳೆಂದೇ ನಾನು ನಂಬಿದೆ.

ಅವಳು ಸುರಿದಿರಲಿಲ್ಲ. ಬೇಸಿಗೆಯೆಲ್ಲ ನೀರು ಹೊತ್ತು ಬೆಳೆಸಿದ್ದು. ಯಾವ ಡಬ್ಬ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ನಾಲಿಗೆ ಹೇಳದಿದ್ದರೆ ಹೊಟ್ಟೆ ಹೇಳಲಿ ಎಂದು, ರಾತ್ರಿಯೆಲ್ಲ ನಡುನಡುವೆ ಹೊತ್ತು ಬಿಟ್ಟು ಒಂದೊಂದರಿಂದಲೂ ಹಿಡಿ ತೆಗೆದು ಕರಿದು ತಿಂದಿದ್ದಳು. ಬೇರೆ ಯಾರೇ ಆಗಿದ್ದರೂ ಮೊದಲ ತುತ್ತಿಗೇ ಉಗಿಯುತ್ತಿದ್ದರು.

ಮಾರನೆಯ ದಿನ ಚನ್ನಪಟ್ಟಣದ ಆಸ್ಪತ್ರೆಯಲ್ಲಿ, ತಾನು ಮಾಡಿದ್ದನ್ನು ಅವಳೇ ಡಾಕ್ಟರಿಗೆ ತೊದಲುತ್ತ ಹೇಳಿದಳು. ಸೆರಗೆಲ್ಲ ರಕ್ತವಾಗಿತ್ತು. ಸಾಕಮ್ಮ ಓಡಿಬಂದಾಗ ದೊಡ್ಡವ್ವ ಕೇಳಿದ್ದು ಒಂದೇ: "ನಿಂಗ್ ಕೊಟ್ಟಿದ್ ಬಾಳಕ?"

"ಅದು ಮುಗ್ದು ವಾರ ಆಯ್ತಲ್ಲವ್ವ. ಮಕ್ಳು ಕಿತ್ತಾಡ್ಕೊಂಡು ತಿಂದ್ವು."

"ಏನೂ ಆಗ್ಲಿಲ್ವಾ?"

"ಏನಾಗ್ಬೇಕು? ಚೆನ್ನಾಗೇ ಇತ್ತು."

ದೊಡ್ಡವ್ವ ಗೋಡೆ ಕಡೆ ತಿರುಗಿ ಅತ್ತಳು. ಬೆಳಗಿನ ಹೊತ್ತಿಗೆ ಇರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ, ನಾನು ಸಾಕಮ್ಮನಿಗೆ ಎಲ್ಲ ಹೇಳಿದೆ. ಅವಳು ಕೇಳಿದಳು: "ಭಾನ್ವಾರ ಬೆಳಿಗ್ಗೇನೇ ನಿಂಗೆ ಗೊತ್ತಿತ್ತು. ನನ್ ಮಕ್ಳು ತಿನ್ನೋ ಡಬ್ಬ ಕಣಕ್ಕಾ ಅದು, ಮುಗ್ದೈತೆ ಅಂತ ನಿಂಗೆ ಆಗ ಗೊತ್ತಿತ್ತಾ? ನಂಗೊಂದು ಫೋನು ಮಾಡ್ಬಾರ್ದಾಗಿತ್ತಾ?"