ತುಪ್ಪದ ಡಬ್ಬಿಯೊಳಗಿನ ಬೆಳ್ಳುಳ್ಳಿ

ನಮ್ಮ ಮನೆಯ ಬಾಲ್ಕನಿಯ ಮೂಲೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ, ಒಂದು ಹಳೆಯ ತುಪ್ಪದ ಡಬ್ಬಿಯಿದೆ. ತುಪ್ಪ ಮುಗಿದು ತಿಂಗಳುಗಳಾದವು. ಮುಗಿಯಿತು ಎನ್ನುವುದಕ್ಕಿಂತ ಮುಗಿಸಲಾಯಿತು ಎನ್ನಬೇಕು. ಈಗ ಅದರೊಳಗಿರುವುದು ಬೆಳ್ಳುಳ್ಳಿ. ಇದರಲ್ಲಿ ವಿಶೇಷವೇನು ಎಂದು ನೀವು ಕೇಳಬಹುದು. ಮದರಾಸಿನ ಪುರಸೈವಾಕ್ಕಂನ ಈ ಬೀದಿಯಲ್ಲಿ ಬೆಳ್ಳುಳ್ಳಿಯಿಲ್ಲದ ಮನೆಯನ್ನು ಹುಡುಕುವುದೇ ಕಷ್ಟ. ಆದರೆ ಆ ಕಷ್ಟಕ್ಕೆ ಇಳಿದವರಿಗೆ ನಾಲ್ಕು ತಲೆಮಾರಿನಿಂದ ತಪ್ಪದೆ ಸಿಗುತ್ತಿದ್ದ ಮನೆ ನಮ್ಮದು. ಮುತ್ತಾತ ಮದರಾಸಿಗೆ ಬರುವಾಗ ಸಾಲಿಗ್ರಾಮದ ಪೆಟ್ಟಿಗೆಯನ್ನೂ ಕನ್ನಡವನ್ನೂ ಹೊತ್ತು ತಂದರಂತೆ. ಕನ್ನಡದೊಳಕ್ಕೆ ತಮಿಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಸಲೀಸಾಗಿ ಬಂದು ಕುಳಿತುಕೊಂಡಿತು. ಅಡುಗೆಮನೆಯೊಳಕ್ಕೆ ಬೆಳ್ಳುಳ್ಳಿ ಮಾತ್ರ ಬರಲಿಲ್ಲ. ನನ್ನ ಹೆಂಡತಿ ರಮಾ ಅದರ ಹೆಸರನ್ನೂ ಎತ್ತುತ್ತಿರಲಿಲ್ಲ. ಹೇಳಲೇಬೇಕಾಗಿ ಬಂದರೆ "ಅದು" ಎನ್ನುತ್ತಿದ್ದಳು, ಮನೆಬಿಟ್ಟು ಹೋದ ನೆಂಟನ ಬಗ್ಗೆ ಮಾತಾಡುವ ಹಾಗೆ.

ಇಂಥ ಮನೆಯಲ್ಲಿ ಕೊಲೆಸ್ಟ್ರಾಲು ಪ್ರತ್ಯಕ್ಷವಾಯಿತು. ಅದು ವರ್ಷಗಳಿಂದ ನನ್ನೊಳಗೆ ಸದ್ದಿಲ್ಲದೆ ಸಂಸಾರ ಹೂಡಿಕೊಂಡಿತ್ತೆಂದೂ, ಈಗಷ್ಟೇ ಕಾಗದದ ಮೇಲೆ ಹೆಸರು ಬರೆಸಿಕೊಂಡಿತೆಂದೂ ನನ್ನ ಊಹೆ. ರಕ್ತ ಕೊಡುವ ಮುನ್ನ ಹನ್ನೆರಡು ಗಂಟೆ ಉಪವಾಸವಿರಬೇಕೆಂದು ಲ್ಯಾಬಿನ ಹುಡುಗಿ ಅಂಜುತ್ತ ಹೇಳಿದಾಗ, ಏಕಾದಶಿಯ ವಂಶದಲ್ಲಿ ಹುಟ್ಟಿದ ನಾನು ನಕ್ಕಿದ್ದೆ. ಫಲಿತಾಂಶ ಬಂದಾಗ ನಗಲಿಲ್ಲ.

ನಮ್ಮ ಡಾಕ್ಟರು ಚಿಕ್ಕ ವಯಸ್ಸಿನ ತಮಿಳು ಹೆಣ್ಣುಮಗಳು. ದಿನಕ್ಕೊಂದು ಗುಳಿಗೆ, ಬೆಳಗ್ಗೆ ನಡಿಗೆ, ತುಪ್ಪಕ್ಕೆ ಕಡಿವಾಣ, ಮೂರು ತಿಂಗಳ ಬಳಿಕ ಮತ್ತೆ ಪರೀಕ್ಷೆ ಎಂದು ಶಾಂತವಾಗಿ ವಿವರಿಸಿದರು. ರಮಾಳ ಕಿವಿಗೆ ಬಿದ್ದದ್ದು ನಡುವೆ ಬಂದುಹೋದ ಒಂದೇ ಪದ: ಹೃದಯ. ಹಿಂದಿನ ವರ್ಷವಷ್ಟೇ ಅವಳ ಅಣ್ಣ ಮಾಧವರಂನ ಮನೆಯಲ್ಲಿ ಊಟದೆಲೆಯ ಮುಂದೆ ಕುಳಿತವರು ಏಳಲಿಲ್ಲ. ಆ ವಿಷಯವನ್ನು ಅವಳು ಎತ್ತುತ್ತಿರಲಿಲ್ಲ. ಅಂದು ಮನೆಗೆ ಬಂದವಳೇ ತುಪ್ಪದ ಡಬ್ಬಿಯನ್ನು ಎತ್ತಿಕೊಂಡು ಕೆಳಮನೆಯ ಸರೋಜಕ್ಕನಿಗೆ ಸುರಿದುಕೊಟ್ಟು, ಖಾಲಿ ಡಬ್ಬಿಯೊಂದಿಗೆ ಹಿಂತಿರುಗಿದಳು.

"ಗುಳಿಗೆ ನಿಮ್ಮ ಇಲಾಖೆ. ಮಿಕ್ಕಿದ್ದು ನಂದು," ಎಂದಳು.

ಅಂದಿನಿಂದ ಈ ದೇಹ ಒಂದು ಯಾಗಶಾಲೆಯಾಯಿತು. ಮುಂಜಾನೆ ನೆನೆಸಿದ ಮೆಂತ್ಯ. ಹತ್ತು ಗಂಟೆಗೆ ಮಜ್ಜಿಗೆಯಲ್ಲಿ ಕದಡಿದ ಅಗಸೆ ಪುಡಿ. ಸಂಜೆ ಮತ್ತಿಮರದ ತೊಗಟೆಯ ಕಷಾಯ. ಈ ಕೊನೆಯದರ ರುಚಿ ನಿಮಗೆ ತಿಳಿಯಬೇಕಾದರೆ ಹಳೆಯ ಬಾಗಿಲ ಚೌಕಟ್ಟೊಂದನ್ನು ಕುದಿಸಿ ಸೋಸಿಕೊಳ್ಳಿ. ಅಷ್ಟರಲ್ಲಿ ನಮ್ಮ ಮಗಳು, ಕೊಲೆಸ್ಟ್ರಾಲಿಗೆ ಒಳ್ಳೆಯದೆಂದು, ವಾಸನೆಯಿಲ್ಲದ ಬೆಳ್ಳುಳ್ಳಿ ಕ್ಯಾಪ್ಸೂಲುಗಳ ಒಂದು ಬಾಟಲಿ ಕಳಿಸಿದಳು. ರಮಾ ಭೂತಗನ್ನಡಿ ಹಿಡಿದು ಬಾಟಲಿಯ ಮೇಲಿನ ಇರುವೆಯಕ್ಷರಗಳನ್ನೆಲ್ಲ ಓದಿದಳು. ಕ್ಯಾಪ್ಸೂಲಿನ ಸಿಪ್ಪೆ ಜೆಲಾಟಿನ್ನಿನದು, ಜೆಲಾಟಿನ್ ಪ್ರಾಣಿಯದು. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದಳು. ಒಂದು ಕಡೆ ನಾಲ್ಕು ತಲೆಮಾರಿನ ನಿಷೇಧ, ಇನ್ನೊಂದು ಕಡೆ ಅದಕ್ಕಿಂತ ಘೋರವಾದ ನಿಷೇಧ, ನಡುವೆ ನಾನು.

"ಅದಾದ್ರೂ ಭೂಮೀಲಿ ಬೆಳೆಯೋದು," ಎಂದಳು ಕೊನೆಗೆ. "ಇದು ಯಾರ ಚರ್ಮವೋ ಏನೋ."

ಹೀಗೆ ಬೆಳ್ಳುಳ್ಳಿಗೆ ನಮ್ಮ ಮನೆಯಲ್ಲಿ ಪ್ರವೇಶ ಸಿಕ್ಕಿತು, ಬಾಲ್ಕನಿಯವರೆಗೆ. ತುಳಸಿ ಕುಂಡದಿಂದ ಮೂರು ಮೊಳ ದೂರ. ಅದಕ್ಕೇ ಬೇರೆ ಚಾಕು, ಬೇರೆ ಗುಂಡುಕಲ್ಲು, ವಾಸಕ್ಕೆ ತುಪ್ಪದ ಡಬ್ಬಿ. ಆದರೆ ಅರವತ್ತೆರಡು ವರ್ಷದ ರಮಾಳಿಗೆ ಬೆಳ್ಳುಳ್ಳಿ ಸುಲಿಯಲು ಬರುತ್ತಿರಲಿಲ್ಲ. ಅವಳು ಕೆಳಗಿಳಿದು ಸರೋಜಕ್ಕನ ಬಾಗಿಲಲ್ಲಿ ನಿಂತದ್ದನ್ನು ನಾನು ಮೆಟ್ಟಿಲಿನಿಂದ ಕಂಡೆ. ಸರೋಜಕ್ಕ ಮೀನುಗಾರರ ಕಾಸಿಮೇಡಿನ ಕಡೆಯವರು. ಅವರ ಮನೆಯ ಭಾನುವಾರದ ಮೀನಿನ ಪರಿಮಳಕ್ಕೆ ರಮಾ ಇಪ್ಪತ್ತು ವರ್ಷಗಳಿಂದ ಕಿಟಕಿ ಮುಚ್ಚುತ್ತ ಬಂದವಳು, ಹಬ್ಬಕ್ಕೆ ಬಾಳೆಹಣ್ಣಿನ ವಿನಾ ಇನ್ನೇನನ್ನೂ ಅವರಿಂದ ತೆಗೆದುಕೊಂಡವಳಲ್ಲ.

"ಪೂಂಡು ಉರಿಕ್ಕ ತೆರಿಯಾದಾ ಮಾಮಿ?" ಎಂದು ಆಕೆ ನಕ್ಕರು. ಬೆಳ್ಳುಳ್ಳಿ ಸುಲಿಯೋದಕ್ಕೇ ಬರೋದಿಲ್ಲವೇ, ಎಂದು. ಆಮೇಲೆ ರಮಾಳ ಮುಖ ನೋಡಿ ನಗು ನಿಲ್ಲಿಸಿ, ಮೆಟ್ಟಿಲ ಮೇಲೇ ಕುಳಿತು, ಎಸಳನ್ನು ಚಾಕುವಿನ ಬೆನ್ನಿನಿಂದ ಒತ್ತಿ ಸಿಪ್ಪೆ ಬಿಡಿಸುವುದನ್ನು ತೋರಿಸಿಕೊಟ್ಟರು. ಇಬ್ಬರು ಮುದುಕಿಯರು ತಲೆ ತಲೆ ಸೇರಿಸಿ ಒಂದು ಎಸಳಿನ ಮೇಲೆ ಬಾಗಿದ್ದರು.

ಪ್ರತಿದಿನ ಅವಳು ಅದನ್ನು ಜಜ್ಜಿ, ಚಮಚದಲ್ಲಿ ನನ್ನ ಬಾಯಿಗೆ ಹಾಕಿ, ಮತ್ತೊಮ್ಮೆ ಸ್ನಾನ ಮಾಡುತ್ತಿದ್ದಳು. "ಪಾಪ, ಗಂಟಲಲ್ಲಿ ಇಳಿಯತ್ತಾ?" ಎಂದು ಕೇಳುವಳು. ಇಲ್ಲಿ ನಿಮ್ಮೆದುರು ಒಂದು ನಿವೇದನೆ. ಕಾಲೇಜಿನ ದಿನಗಳಲ್ಲಿ ಒಂದು ಮೆಸ್ಸಿನ ಪೂಂಡು ರಸಕ್ಕೆ ನಾನು ಮೂರು ವರ್ಷ ನಿಷ್ಠೆಯಿಂದ ನಡೆದುಕೊಂಡವನು. ಆದರೂ ಹೆಂಡತಿಯ ಮುಂದೆ ಮುಖ ಹಿಂಡಿ, ಕಣ್ಣು ಮುಚ್ಚಿ, ವಿಷ ಕುಡಿದ ಶಿವನಂತೆ ನುಂಗುತ್ತಿದ್ದೆ. ಅವಳ ಕರುಣೆ ಅಷ್ಟು ಹಿತವಾಗಿತ್ತು.

ಇದು ಸಣ್ಣ ಪಾಪ. ದೊಡ್ಡದು ಬೇರೆಯಿತ್ತು. ಎರಡನೆಯ ವಾರದಲ್ಲಿ ನಾನು ಡಾಕ್ಟರು ಕೊಟ್ಟ ಗುಳಿಗೆಯನ್ನು ನಿಲ್ಲಿಸಿಬಿಟ್ಟೆ. ಇಷ್ಟೊಂದು ಬೇರು ನಾರುಗಳು ಕಾವಲಿಗಿರುವಾಗ ಕಾರ್ಖಾನೆಯ ಗುಳಿಗೆ ಏಕೆ ಎಂಬುದು ನಾನು ನನಗೆ ಒಪ್ಪಿಸಿಕೊಂಡ ವಾದ. ಒಳಗಿನ ಕಾರಣ ಇನ್ನೂ ಮೂರ್ಖತನದ್ದು. ಅವಳು ಜನ್ಮದ ಮಡಿಯನ್ನು ಮುರಿದು ಜಜ್ಜುತ್ತಿರುವಾಗ, ಗೆಲುವು ಅವಳ ಆ ಎಸಳಿಗೇ ಸಲ್ಲಬೇಕು, ಗುಳಿಗೆ ಪಾಲು ಕೇಳಬಾರದು ಎನಿಸಿತ್ತು. ಪ್ರೀತಿಯೆಂದು ನಾವು ಕರೆದುಕೊಳ್ಳುವ ಎಷ್ಟೋ ಕೆಲಸಗಳು ಹೀಗೆ ಹತ್ತಿರದವರನ್ನು ಕೇಳದೆ ಅವರ ಪರವಾಗಿ ಜೂಜಾಡುವ ಕೆಲಸಗಳೇ ಆಗಿರುತ್ತವೆ. ಅವಳು ನನ್ನ ಇಲಾಖೆಗೆ ಕೈಹಾಕಲಿಲ್ಲ. ಗುಳಿಗೆಗಳು ಮೇಜಿನ ಖಾನೆಯಲ್ಲಿ ಹಾಗೇ ಉಳಿದವು.

ಮೂರು ತಿಂಗಳಾಯಿತು. ಡಾಕ್ಟರು ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡು ಹುಬ್ಬು ಗಂಟಿಕ್ಕಿದರು. ಕೊಲೆಸ್ಟ್ರಾಲು ಕದಲಿರಲಿಲ್ಲವೆಂದೇ ಹೇಳಬೇಕು. ರಮಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ನನ್ನ ಕಡೆಗೆ ವಾಲಿ, ಡಾಕ್ಟರಿಗೆ ತಿಳಿಯದ ಕನ್ನಡದಲ್ಲಿ ಹೇಳಿದಳು:

"ನಾನು ದಿನಾ ಅಸಹ್ಯಪಟ್ಕೊಂಡೇ ಕೊಟ್ಟೆ. ಅದಕ್ಕೇ ಇರ್ಬೇಕು ರೀ, ಹತ್ತಲಿಲ್ಲ."

ಆ ಮಾತು ಕೇಳಿಯೂ ಸುಮ್ಮನಿರಲು ನಾನು ಇನ್ನಷ್ಟು ಗಟ್ಟಿ ಮನುಷ್ಯನಾಗಿರಬೇಕಿತ್ತು. ಒಪ್ಪಿಕೊಂಡೆ, ಮೊದಲು ತಮಿಳಿನಲ್ಲಿ, ಆಮೇಲೆ ಅವಳಿಗಾಗಿ ಕನ್ನಡದಲ್ಲಿ.

ಡಾಕ್ಟರು ಗದರಲಿಲ್ಲ, ಗದರಿದ್ದರೆ ಚೆನ್ನಾಗಿತ್ತು. ಮೆಂತ್ಯ, ಅಗಸೆ, ಬೆಳ್ಳುಳ್ಳಿ ಆಹಾರವಾಗಿ ಒಳ್ಳೆಯವೇ, ಸ್ವಲ್ಪ ಸಹಾಯ ಮಾಡಿಯಾವು. ಆದರೆ ನಿಮ್ಮ ಮಟ್ಟಕ್ಕೆ ಗುಳಿಗೆಯ ಜಾಗದಲ್ಲಿ ಅವು ನಿಲ್ಲಲಾರವು, ಎಂದರು. ಕಷಾಯದ ವಿಷಯ ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದರು. ಗುಳಿಗೆಯ ಜೊತೆ ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲವೆಂದು ತಿಳಿಯಲು, ಬಾಯಿಗೆ ಹೋಗುವ ಪ್ರತಿಯೊಂದೂ ಅವರಿಗೆ ಗೊತ್ತಿರಬೇಕಂತೆ. ತೊಗಟೆಯನ್ನು ಸದ್ಯಕ್ಕೆ ನಿಲ್ಲಿಸಿ ಎಂದರು. ಅಷ್ಟು ವ್ಯಥೆಯ ನಡುವೆಯೂ ನನ್ನೊಳಗಿನ ಯಾರೋ ಒಬ್ಬ ಕೈ ಮುಗಿದ.

ಆಟೋ ಹತ್ತಿದೆವು. ಜವಳಿ ಅಂಗಡಿಗಳ ಸಾಲು ಬಂದು, ಜನಜಂಗುಳಿಯಲ್ಲಿ ಆಟೋ ನಿಂತಾಗ, ರಸ್ತೆಯನ್ನೇ ನೋಡುತ್ತ ರಮಾ ಹೇಳಿದಳು:

"ಅಣ್ಣನೂ ಹೀಗೇ ಬಿಟ್ಟಿದ್ದ. ಗುಳಿಗೆ ಪಟ್ಟಿಗಳೆಲ್ಲ ಪಂಚಾಂಗದ ನಡುವೆ ಇದ್ವು. ಒಂದೂ ಒಡೆದಿರ್ಲಿಲ್ಲ. ಹದಿಮೂರನೇ ದಿನ ಕಳೆದ್ಮೇಲೆ ನನ್ನ ಕೈಗೇ ಸಿಕ್ಕಿದ್ದು."

"ನನಗೆ ಹೇಳಲಿಲ್ಲ ನೀನು," ಎಂದೆ.

"ಯಾರಿಗೂ ಹೇಳ್ಲಿಲ್ಲ. ಅತ್ತಿಗೆಗೂ." ನನ್ನ ಕಡೆ ತಿರುಗಿ, "ನಿಮಗೋಸ್ಕರ ಅದನ್ನ ಮುಟ್ಟಿದೆ. ನಿಮಗೆ ಒಂದು ಗುಟುಕು ನೀರು ಕುಡಿಯೋದು ಕಷ್ಟವಾಯ್ತೇ?"

ನಾನು ಅವಳ ಕೈ ಹಿಡಿದುಕೊಂಡೆ. ಉಗುರ ಸಂದಿಯಲ್ಲಿ, ಎರಡೆರಡು ಸ್ನಾನಗಳಿಗೂ ಬಗ್ಗದ ಆ ವಾಸನೆ ಸಣ್ಣಗೆ ಇತ್ತು.

ಮರುದಿನ ಡಬ್ಬಿ, ಚಾಕು, ಗುಂಡುಕಲ್ಲು ಎಲ್ಲವೂ ಮನೆಯಿಂದ ಹೊರಗೆ ಹೋಗುತ್ತವೆಂದೇ ನಾನು ತಿಳಿದಿದ್ದೆ. ಹೋಗಲಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಎಸಳುಗಳು ಮದರಾಸಿನ ಸೆಕೆಗೆ ಮೊಳೆತಿದ್ದವು. ರಮಾ ಅವನ್ನು ಅಂಗೈಯಲ್ಲಿಟ್ಟು ನೋಡಿ, ಬಿಸಾಡಲು ಕಸದ ಬುಟ್ಟಿಯವರೆಗೂ ಹೋಗಿ, ಹಿಂತಿರುಗಿದಳು. ಡಬ್ಬಿಯ ತಳಕ್ಕೆ ಮೊಳೆ ಹೊಡೆದು ತೂತು ಮಾಡುವ ಕೆಲಸ ನನಗೆ ಬಂತು. ಮಣ್ಣನ್ನು ಸರೋಜಕ್ಕ ಕೊಟ್ಟರು.

ಈಗ ಮುಂಜಾನೆ ಮೆಂತ್ಯದ ಬಟ್ಟಲಿನ ಪಕ್ಕದಲ್ಲೇ ಗುಳಿಗೆ ಇರುತ್ತದೆ. ಇಲಾಖೆಗಳು ವಿಲೀನವಾಗಿವೆ. ನಾನು ನುಂಗಿ, ನಾಲಿಗೆ ಎತ್ತಿ ತೋರಿಸುವವರೆಗೆ ಅವಳು ಎದುರು ನಿಂತಿರುತ್ತಾಳೆ. ಮುಖ ಹಿಂಡುವ ನಟನೆಗೆ ಅವಕಾಶವೂ ಇಲ್ಲ, ಮರ್ಯಾದೆಯೂ ಇಲ್ಲ. ಬಾಲ್ಕನಿಯಲ್ಲಿ ತುಪ್ಪದ ಡಬ್ಬಿಯಿಂದ ನಾಲ್ಕು ಹಸಿರು ಗರಿಗಳು ಮೇಲೆದ್ದಿವೆ. ತುಳಸಿಗೂ ಅದಕ್ಕೂ ನಡುವೆ ಮೂರು ಮೊಳವಿದ್ದದ್ದು ಈಗ ಎರಡಾಗಿದೆ. ಬಿಸಿಲು ಆ ಕಡೆ ಚೆನ್ನಾಗಿ ಬೀಳುತ್ತದೆಂಬುದು ಅಧಿಕೃತ ಕಾರಣ.

ಇವತ್ತು ಬೆಳಗ್ಗೆ ತುಳಸಿಗೆ ನೀರು ಹಾಕಿ ಒಳಬಂದವಳು ಚೊಂಬನ್ನು ನನ್ನ ಕೈಗೆ ಕೊಟ್ಟಳು.

"ಗುಳಿಗೆ ಆಯ್ತಲ್ಲ? ಶರಿ, ಹೋಗಿ ಬೆಳ್ಳುಳ್ಳಿಗೆ ಒಂಚೂರು ನೀರು ಹಾಕ್ಬಿಡಿ."

ನಲವತ್ತು ವರ್ಷಗಳ ಸಂಸಾರದಲ್ಲಿ ಆ ಹೆಸರನ್ನು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಏನೂ ನಡೆದಿಲ್ಲವೆನ್ನುವ ಹಾಗೆ ಹೋಗಿ ನೀರು ಹಾಕಿ ಬಂದೆ.